ಗ್ರಾಮ ಲೆಕ್ಕಿಗರು ತೆಗೆದ ಫೋಟೊ

ಕೊತ್ತಗೆರೆಯ ಗ್ರಾಮ ಲೆಕ್ಕಿಗರು ಫೋಟೊ ತೆಗೆಯುವ ಮೊದಲು ಮೊಬೈಲನ್ನು ತೋಳಿಗೆ ಒರೆಸಿಕೊಳ್ಳುತ್ತಿದ್ದರು. “ಕಂಡಿದ್ದನ್ನೇ ಬರೆಯೋದು ನಾನು” ಎಂಬುದು ಅವರ ಮಾತು.

ಲಾಕ್‌ಡೌನಿನಲ್ಲಿ ಹೂ ಬೆಳೆಗಾರರಿಗೆ ಸರ್ಕಾರ ಪರಿಹಾರ ಘೋಷಿಸಿದಾಗ ನಮ್ಮ ಹೊಲವನ್ನೂ ನೋಡಲು ಬಂದರು. ಕೊಳ್ಳುವವರಿಲ್ಲದ ಸೇವಂತಿಗೆಯ ಮೇಲೆ ಅವ್ವ ಹಿಂದಿನ ವಾರವೇ ಟ್ರ್ಯಾಕ್ಟರ್ ಹೊಡೆಸಿದ್ದಳು. ಫೋಟೊದಲ್ಲಿ ಬೆಳೆ ಕಾಣದಿದ್ದರೆ ಪರಿಹಾರವಿಲ್ಲ.

“ಪಕ್ಕದೋರ ಹೂವಿಂದೇ ಫೋಟೊ ಹೊಡ್ಕಳಿ ಸ್ವಾಮಿ, ಯಾರ್ಗೆ ಗೊತ್ತಾಯ್ತದೆ?” ಎಂದಳು ಅವ್ವ.

“ನನಗೆ ಗೊತ್ತಾಯ್ತದಲ್ಲಮ್ಮ.”

ಅವ್ವನ ಮುಖ ಬಿಗಿಯಿತು. ಅವರು ಚಪ್ಪಲಿ ಬಿಟ್ಟು, ಉತ್ತ ಹೊಲದಲ್ಲಿ ಮಂಡಿಯೂರಿ ಒಂದೊಂದೇ ಹೆಂಟೆ ಒಡೆಯತೊಡಗಿದರು. ಬಹಳ ಹೊತ್ತಿನ ಮೇಲೆ ಬೇರು ಸಮೇತ ಒಂದು ಗಿಡ ಸಿಕ್ಕಿತು, ತುದಿಯಲ್ಲಿ ಕಂದಿದ ಹೂವು. ಅದನ್ನು ಅವ್ವನ ಕೈಗಿಟ್ಟು ಮೊಬೈಲ್ ಒರೆಸಿಕೊಂಡರು. ಅವ್ವ ಹೂವನ್ನೂ ಸೆರಗಿನಿಂದ ಒರೆಸಹೋದಳು.

“ಒರೆಸ್ಬೇಡಿ ಕಣಮ್ಮ,” ಎಂದರು. “ಆ ಮಣ್ಣೂ ಕಾಣ್ಬೇಕು.”