ಹಡಗಿನವರ ಟೊಪಗಿ, ಕಮಲಾಪುರದ ಕೌದಿ

ಸೂಪರ್ ಮಾರ್ಕೆಟ್ಟಿನ ಹಿಂದಿನ ಓಣಿ ಇನ್ನೂ ಆಕಳಿಸುತ್ತಿದೆ. ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದಿಳಿದ ದೌಲಪ್ಪ ತಮ್ಮ ಟೊಪಗಿ ಅಂಗಡಿಯ ಒಂದೇ ಬಾಗಿಲು ತೆರೆದು, ಹೊಲಿಗೆ ಯಂತ್ರದ ಪಕ್ಕ ಕೂತು ಕಾಯುತ್ತಾರೆ. ಎದುರಿನ ಅರಿವೆ ಅಂಗಡಿಯ ಮಾಳಿಗೆ ದಾಟಿ ಎಳೆಬಿಸಿಲು ಓರೆಯಾಗಿ ಒಳಗೆ ಬೀಳುತ್ತದೆ. ಅದು ಇರುವುದು ಅರ್ಧ ತಾಸು. ಆ ಅರ್ಧ ತಾಸು ಅವರು ಸೂಜಿ ಮುಟ್ಟುವುದಿಲ್ಲ. ತೊಡೆಯ ಮೇಲೆ ಯಾವುದೋ ಹಳೆಯ ಟೊಪಗಿ ಇಟ್ಟುಕೊಂಡು, ಮಗುವಿನ ತಲೆ ನೋಡುವ ತಾಯಿಯಂತೆ ತಿರುಗಿಸಿ ತಿರುಗಿಸಿ ನೋಡುತ್ತಾರೆ.

"ಮಧ್ಯಾಹ್ನದ ಬಿಸಲು ಎಲ್ಲಾ ಮುಚ್ಚಿಡ್ತದ್ರಿ. ಎಳಿ ಬಿಸಲು ಚಾಡಿ ಹೇಳ್ತದ," ಎಂದು ನಗುತ್ತಾರೆ.

ಇವತ್ತಿನ ಟೊಪಗಿಯ ಬಣ್ಣ ಒಣಗಿದ ಗೋದಿಹುಲ್ಲಿನದು. ಮುಂದೆ ಬಿಸಿಲು ತಡೆಯಲು ಬಟ್ಟೆಯದೇ ಚುಂಚು, ಎರಡೂ ಬದಿಗೆ ಗಾಳಿಯಾಡಲು ಲೋಹದ ಉಂಗುರ ಕೂರಿಸಿದ ಎರಡೆರಡು ತೂತು. ಅದರ ಒಡತಿ, ಎಪ್ಪತ್ತು ದಾಟಿದ ಅಂಬಮ್ಮ, ಎದುರಿನ ಬಾಕಿನ ಮೇಲೆ ಸೆರಗು ಹಿಡಿದು ಕೂತಿದ್ದಾರೆ.

ದೌಲಪ್ಪನವರಿಗೆ ಐವತ್ತೆಂಟು. ಪೊಲೀಸರಿಗೆ, ಸ್ಕೌಟ್ ಮಕ್ಕಳಿಗೆ, ಮದುವೆ ಬ್ಯಾಂಡಿನವರಿಗೆ ದಿನಕ್ಕೆ ಹದಿನಾಲ್ಕು ಟೊಪಗಿ ಹೊಲಿಯುತ್ತ ಮೂವತ್ತನಾಲ್ಕು ವರ್ಷ ಕಳೆದಿವೆ. ಇನ್ನೊಂದು ಕೆಲಸ ಊರಲ್ಲಿ ಕೆಲವರಿಗಷ್ಟೇ ಗೊತ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ನೌಕಾಪಡೆಯವರು ಬಿಸಿಲ ನಾಡುಗಳಲ್ಲಿ ತೊಟ್ಟ ಟೊಪಗಿಗಳನ್ನು ಹುಡುಕುವುದು, ಗುರುತಿಸುವುದು. ಹೈದರಾಬಾದಿನ ಹಳೇ ಸಾಮಾನಿನ ಸಂತೆ, ಮುಂಬಯಿಯ ಗುಜರಿ, ಸತ್ತ ಸಿಪಾಯಿಗಳ ಟ್ರಂಕು, ಎಲ್ಲ ಜಾಲಾಡಿ ಹದಿನೆಂಟು ವರ್ಷಗಳಲ್ಲಿ ಕೂಡಿಸಿದ್ದು ಹನ್ನೊಂದು. ಅದರಲ್ಲಿ ನಿಜಕ್ಕೂ ಹಡಗಿನವರದು ನಾಲ್ಕೇ.

ಮೊದಲನೆಯದು ಗೋಡೆಯ ಮೊಳೆಗೆ ಕಣ್ಣೆದುರೇ ನೇತಾಡುತ್ತದೆ. ೧೯೮೧ರಲ್ಲಿ ತಂದದ್ದು. ಅಂಚು ಹರಿದಿತ್ತು. ದರ್ಜಿಯ ಕೈ ಸುಮ್ಮನಿರಲಿಲ್ಲ. ಸೋಪಿನ ನೀರಲ್ಲಿ ನೆನೆಸಿ, ತಿಕ್ಕಿ, ಹಳೆಯ ಅಸ್ತರು ಕಿತ್ತು ಕೆಂಪು ಹೊಸ ಅಸ್ತರು ಕೊಟ್ಟರು. ಮದುವಣಿಗನಂತೆ ಆಯಿತು ಟೊಪಗಿ. ಬ್ಯಾಂಕಿನ ಗುಮಾಸ್ತ ಮುಕುಂದರಾವ್ ಅವರಿಗಾಗಿ ವಿದೇಶದ ಒಂದು ವಸ್ತುಸಂಗ್ರಹಾಲಯಕ್ಕೆ ಕಾಗದ ಬರೆದರು. ಉತ್ತರ ಬಂತು: ಒಳಗಿನ ಮುದ್ರೆ ಏನೆಂದಿದೆ? ಮುದ್ರೆ ಬಚ್ಚಲಿಗೆ ಹೋಗಿತ್ತು.

"ಹೊಲದಾಂವನ ಹೆಸರು ನಾನೇ ತೊಳದು ಚೆಲ್ಲೀನ್ರಿ," ಎನ್ನುತ್ತಾರೆ ದೌಲಪ್ಪ. ಅಂದಿನಿಂದ ಹಳೆಯ ಟೊಪಗಿಗೆ ಸೂಜಿ ಹಾಕಿದ್ದಿಲ್ಲ.

ಹೆಂಡತಿ ಭಾಗಮ್ಮನಿಗೆ ಇದೆಲ್ಲ ನಗೆ. "ಇದ್ದವರ ತಲಿ ಬಿಟ್ಟು ಸತ್ತವರ ತಲಿ ಅಳತಿ ತಗೋತಾನ್ರಿ ನಮ್ಮಂವ!" ಆ ಪಡೆಯ ದೊರೆಗಳು ಎಂಥ ಕ್ರೂರಿಗಳೆಂದು ಮುಕುಂದರಾವ್ ಓದಿ ಹೇಳಿದ ದಿನ ದೌಲಪ್ಪ ಉಣ್ಣದೆ ಮಲಗಿದ್ದರು. ಟೊಪಗಿಗಳನ್ನು ಮಾತ್ರ ಬಿಸಾಡಲಿಲ್ಲ. "ಅವರನ್ನ ಹೊಗಳಾಕ ಅಲ್ರಿ. ಹೊಲದಾಂವ ಯಾವನೋ ನನ್ನಂಥ ದರ್ಜಿ. ಅವನ ಕೈ ನೋಡಾಕ."

ಅಂಬಮ್ಮ ಬಂದಿರುವುದು ಗಂಡನ ಮಾತಿನ ಸಲುವಾಗಿ. ದೇವೀಂದ್ರಪ್ಪ ಆ ಯುದ್ಧದಲ್ಲಿ ಫೌಜಿನ ಲಾರಿ ಹೊಡೆದವರು. ಏಳು ಸಮುದ್ರದಾಚೆ, ಟ್ಯೂನಿಸ್ ಎಂಬ ಬಂದರಿನಲ್ಲಿ ಸೆರೆಸಿಕ್ಕ ಹಡಗಿನವನೊಬ್ಬನಿಗೆ ನೀರು ಕುಡಿಸಿದ್ದಕ್ಕೆ ಅವನು ಕೊಟ್ಟ ಟೊಪಗಿ ಇದು ಎನ್ನುತ್ತಿದ್ದರು. ಕಮಲಾಪುರದ ಕೆಂಬಾಳೆ ತೋಟದಲ್ಲಿ ಅದನ್ನೇ ತೊಟ್ಟು ಗೊನೆ ಕಡಿಯುತ್ತಿದ್ದರು. ಊರು 'ಹಡಗಿನ ದೇವೀಂದ್ರಪ್ಪ' ಎಂದು ಆಡಿಕೊಂಡು ನಕ್ಕಿತು. ಲಾರಿಯವನಿಗೆ ಹಡಗಿನ ಟೊಪಗಿ ಎಲ್ಲಿಂದ? ಅವರು ಹೋಗಿ ವರ್ಷವಾಗುತ್ತ ಬಂತು. ನಾಡಿದ್ದು ಪುಣ್ಯತಿಥಿ. ಫೋಟೋದ ಪಕ್ಕ ಟೊಪಗಿ ಇಡುತ್ತೇನೆಂದರೆ ಮೈದುನ, "ಸುಳ್ಳಿನ ಗಂಟು ಪೂಜಾಕ ಯಾಕ?" ಎಂದನಂತೆ.

"ಖರೇ ಇದ್ರ ಇಡ್ತೀನಿ. ಸುಳ್ಳಿದ್ರ ಸುಳ್ಳಂತ ಹೇಳಿಬಿಡು ತಮ್ಮಾ. ಮುಲಾಜು ಬ್ಯಾಡ," ಎನ್ನುತ್ತಾರೆ ಅಂಬಮ್ಮ.

ಒಳಗಿನ ಮುದ್ರೆ ಬೆವರಿಗೆ ಅಳಿಸಿದೆ. ದೌಲಪ್ಪ ಟೊಪಗಿಯನ್ನು ಬಿಸಿಲಿಗೆ ಓರೆ ಹಿಡಿಯುತ್ತಾರೆ. ಹಣೆಯ ಮೇಲೆ, ಬಣ್ಣ ಮಾಸದೆ ಉಳಿದ ಬಟ್ಟೆಯ ಒಂದು ನೆರಳು. ರೆಕ್ಕೆ ಚಾಚಿದ ಹಕ್ಕಿ. ಸುತ್ತ ಸಾಲಾಗಿ ಸೂಜಿತೂತು.

"ಯವ್ವಾ, ಇಲ್ಲೊಂದು ಹಕ್ಕಿ ಇತ್ತಲ್ಲ? ನೆಲದ ಫೌಜಿನವರ ಟೊಪಗೀನೂ ಹೆಚ್ಚೂಕಡಿಮಿ ಹಿಂಗ ಇರ್ತದ. ಅವರ ಹಕ್ಕಿ ಬೂದಿಬಣ್ಣ. ಹಡಗಿನವರದು ಹಳದಿ. ಆ ಹಕ್ಕಿ ಬೇಕು."

ಅಂಬಮ್ಮನ ಮುಖ ಇಳಿಯುತ್ತದೆ. "ನಾನೇ ಕಿತ್ತೀನಪ್ಪ. ತಲಿ ಮ್ಯಾಲ ಹಕ್ಕಿ ಕುಂತ್ರ ಅಪಶಕುನ. ಹೊಸದಾಗಿ ಮದಿವಿ ಆದಾಕಿ, ಅಂಜಿದೆ. ಅಂವ ಮೂರು ದಿನ ಮಾತಾಡ್ಲಿಲ್ಲ."

"ಒಗದ್ರ್ಯಾ?"

"ಹ್ಯಾಂಗ ಒಗೀಲಿ? ಕಾಲಾಗ ಸ್ವಸ್ತಿಕ ಹಿಡದಿತ್ತಲ್ಲ! ಹಕ್ಕಿ ಒಳಗ ಮಡಚಿ, ಸ್ವಸ್ತಿಕ ಅಷ್ಟೇ ಕಾಣೂಹಂಗ ಹೊದ್ಕೊಳ್ಳೂ ಕೌದಿ ಮೂಲಿಗಿ ಹೊಲದೀನಿ."

ಆ ಗುರುತು ಆ ಕ್ರೂರ ದೊರೆಗಳ ಲಾಂಛನವಾಗಿತ್ತೆಂದು ದೌಲಪ್ಪನವರಿಗೆ ಗೊತ್ತು, ಅಂಬಮ್ಮನಿಗೆ ಗೊತ್ತಿಲ್ಲ. ಹೇಳಲು ಬಾಯಿ ತೆರೆದು, "ಕೌದಿ ಅದ ಏನು?" ಎಂದಷ್ಟೇ ಕೇಳುತ್ತಾರೆ.

ಮರುದಿನ ಮೊದಲ ಬಸ್ಸಿನಲ್ಲಿ, ಅವರ ಪಕ್ಕದ ಸೀಟಿನಲ್ಲಿ ಅಂಬಮ್ಮ. ತೊಡೆಯ ಮೇಲೆ ಕೌದಿಯ ಗಂಟು. ಅಂಗಡಿಗೆ ಬಿಸಿಲು ಬೀಳುತ್ತಲೇ ಅಂಬಮ್ಮ ಕೌದಿಯ ಮೂಲೆ ಹರಡುತ್ತಾರೆ. ಸ್ವಸ್ತಿಕ ತೊಳೆದು ತೊಳೆದು ಬಿಳಿಚಿದೆ. ಬಣ್ಣ ಯಾವುದೆಂದು ದೇವರೂ ಹೇಳಲಾರ. ದೌಲಪ್ಪ ಚಿಕ್ಕ ಕತ್ತರಿ ಮುಂದೆ ಚಾಚುತ್ತಾರೆ.

"ನೀನ ಬಿಚ್ಚಪ್ಪ."

"ನೀವು ಹಾಕಿದ ಹೊಲಿಗಿ ಯವ್ವಾ. ನೀವೇ ಬಿಚ್ರಿ."

ಒಂದು, ಎರಡು, ಏಳು ಹೊಲಿಗೆ. ಮಡಿಕೆ ಬಿಚ್ಚಿಕೊಳ್ಳುತ್ತದೆ. ಐವತ್ತು ವರ್ಷ ಬಿಸಿಲು ಕಾಣದ ರೆಕ್ಕೆ ಎರಡೂ ಕಡೆ ಚಾಚಿಕೊಳ್ಳುತ್ತದೆ. ಹಳದಿ. ಈಗಷ್ಟೇ ಅರಿಶಿನದಲ್ಲಿ ಅದ್ದಿದಂಥ ಹಳದಿ. ದೌಲಪ್ಪ ಅದನ್ನು ಟೊಪಗಿಯ ನೆರಳಿನ ಮೇಲೆ ಇಟ್ಟು ತೂತಿಗೆ ತೂತು ಎಣಿಸುತ್ತಾರೆ. ಒಂದೂ ತಪ್ಪುವುದಿಲ್ಲ.

"ಹಡಗಿನವರದೇ ಯವ್ವಾ. ಕಾಕಾ ಖರೇ ಹೇಳ್ಯಾರ."

ಅಂಬಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ. "ಮಂದಿ ಸಂಗಟ ನಾನೂ ನಗತಿದ್ದೆ. ಅವನ ಸಾಕ್ಷಿ ಹೊದ್ಕೊಂಡೇ ಮಲಗತಿದ್ದೆ ನೋಡು, ಹುಚ್ಚಿ." ಸ್ವಲ್ಪ ಹೊತ್ತಿಗೆ, "ಮೊದಲಿನಂಗ ಟೊಪಗಿಗಿ ಹಚ್ಚಿಕೊಡು ಮತ್ತ," ಎನ್ನುತ್ತಾರೆ.

"ನಾ ಹಚ್ಚಂಗಿಲ್ಲ. ಬಾಜೂಕ ಇಡ್ರಿ. ಆ ತೂತೇ ಅವರ ಪರವಾಗಿ ಮಾತಾಡ್ತಾವ."

ಅವರು ಗಂಟು ಎತ್ತಿಕೊಂಡು ಹೊರಡುವಷ್ಟರಲ್ಲಿ ಬಿಸಿಲು ಯಂತ್ರದಿಂದ ಕೆಳಗಿಳಿದಿದೆ. ಓಣಿಯಲ್ಲಿ ಆಟೋಗಳ ಗದ್ದಲ. ದೌಲಪ್ಪ ಇವತ್ತಿನ ಹದಿನಾಲ್ಕರಲ್ಲಿ ಮೊದಲ ಸ್ಕೌಟ್ ಟೊಪಗಿ ಎತ್ತಿಕೊಳ್ಳುತ್ತಾರೆ. ಒಳಗೆ ನಿಮ್ಮ ಹೆಸರೇಕೆ ಬರೆಯುವುದಿಲ್ಲ ಎಂದು ಕೇಳಿದರೆ ತಲೆಯೆತ್ತದೆ ಉತ್ತರಿಸುತ್ತಾರೆ:

"ಹೆಸರು ತೊಳದ್ರ ಹೋಗ್ತದ್ರಿ. ಮುಂದ ಯಾವನರೇ ಇದನ್ನ ಬಿಸಲಿಗಿ ಹಿಡದು, ಹೊಲದಾಂವ ಅವಸರ ಮಾಡಿಲ್ಲ ಅಂದ್ರ ಸಾಕು."