ಸೇಬಿನ ಪಕ್ಕದ ಟ್ಯೂಲಿಪ್

ಟ್ಯೂಲಿಪ್ ಗಡ್ಡೆಗಳನ್ನು ಫ್ರಿಜ್ಜಿನ ಕೆಳಗಿನ ಡ್ರಾಯರಿಗೆ ಹಾಕಲು ಬಗ್ಗಿದಾಗ ಕತ್ತಿನ ಬುಡದಲ್ಲಿ ಏನೋ ಒತ್ತಿದಂತಾಯಿತು. ಮುಟ್ಟಿ ನೋಡಿದೆ. ಗಂಟು. ನೋವಿರಲಿಲ್ಲ.

ಅಮೆರಿಕದ ಈ ಬೆಚ್ಚನೆಯ ಊರು ಶುಗರ್ ಲ್ಯಾಂಡಿನ ಚಳಿಯನ್ನು ನಂಬಿದರೆ ಟ್ಯೂಲಿಪ್ ಅರಳಿದ ಹಾಗೆಯೇ! ಹೂ ಬಿಡಲು ಗಡ್ಡೆಗೆ ವಾರಗಟ್ಟಲೆ ಚಳಿ ಬೇಕು. ಅದಕ್ಕೇ ದೀಪಾವಳಿಯ ಹೊತ್ತಿಗೆ ಗಡ್ಡೆಗಳನ್ನು ಫ್ರಿಜ್ಜಿನಲ್ಲಿಟ್ಟು, ಹೊಸ ವರ್ಷ ಕಳೆದ ಮೇಲೆ ಅಂಗಳದಲ್ಲಿ ನೆಡುತ್ತೇನೆ. ಪ್ರತಿ ವರ್ಷದ ಹುಚ್ಚು ಇದು.

ಬಯಾಪ್ಸಿ ಆಯಿತು.

ಲಿಂಫೋಮಾ. ದುಗ್ಧಗ್ರಂಥಿಯ ಕ್ಯಾನ್ಸರ್.

"ವೆರಿ ಟ್ರೀಟಬಲ್" ಎಂದರು ಡಾಕ್ಟರ್. ಮಾರ್ಚ್‌ನಲ್ಲಿ ತೋಟಕ್ಕಿಳಿಯಬಹುದೇ ಎಂದು ಕೇಳಿದೆ. ಗಂಡ ಮೋಹನ್ ನನ್ನ ಮುಖವನ್ನೇ ನೋಡಿದರು. ಹೂ ಅರಳುವವರೆಗೆ ತಡೆದುಕೊಂಡರೆ ಉಳಿದದ್ದನ್ನೂ ದಾಟುತ್ತೇನೆ ಎಂದು ಯಾಕೋ ಮನಸ್ಸು ಹಟ ಹಿಡಿದಿತ್ತು.

ಕೀಮೋ ಶುರುವಾಯಿತು. ಅನ್ನ ಬೇಯುವ ವಾಸನೆಗೇ ವಾಕರಿಕೆ. ಬಾಯಲ್ಲಿ ಹುಣ್ಣು. ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟೆ. ಬಿಳಿ ರಕ್ತಕಣಗಳ ಕೌಂಟ್ ಇಳಿದಾಗ ಹಸಿ ಹಣ್ಣು ಬೇಡವೆಂದು ನರ್ಸ್ ಹೇಳಿದ್ದರು. ಆದರೆ ಕಾಯಿಲೆಯವರನ್ನು ನೋಡಲು ನಮ್ಮವರು ಬರಿಗೈಯಲ್ಲಿ ಬರುತ್ತಾರೆಯೇ? ಬಂದವರೆಲ್ಲ ಸೇಬು ತಂದರು.

"ತಿನ್ಬೇಕು ಕಣಮ್ಮ, ಮೈಗೆ ರಕ್ತ ಬರುತ್ತೆ" ಎಂದರು ಹಿಂದಿನ ಬೀದಿಯ ಸರೋಜಾ ಆಂಟಿ. ಬೇಡ ಎನ್ನಲು ಬಾಯಿ ಬರಲಿಲ್ಲ. ಎಸೆಯಲು ಮೋಹನ್‌ಗೆ ಮನಸ್ಸು ಬರಲಿಲ್ಲ.

ಜನವರಿಯಲ್ಲಿ ಅವರೇ ಗಡ್ಡೆ ನೆಟ್ಟರು. "ಚೂಪು ತುದಿ ಮೇಲಕ್ರೀ!" ಎಂದು ಕಿಟಕಿಯಿಂದ ಕೂಗಿದೆ. ಅಷ್ಟಕ್ಕೇ ಏದುಸಿರು ಬಂತು.

ಮಾರ್ಚ್‌ನಲ್ಲಿ ಎಲೆಗಳು ಸೊಂಪಾಗಿ ಬಂದವು. ಕಾದೆ.

ಒಂದೂ ಹೂವಿಲ್ಲ.

"ಗಡ್ಡೆ ಆ ಡ್ರಾಯರಲ್ಲೇ ಇತ್ತಾ?"

"ಅಲ್ಲೇ ಇತ್ತು ಕಣೆ. ಬೇರೆ ಕಡೆ ಜಾಗ ಇರ್ಲಿಲ್ಲ ಅಂತ ಸೇಬೂ ಅಲ್ಲೇ ತುಂಬಿದೆ. ಯಾಕೆ?"

ಸೇಬು ಹಣ್ಣಾಗುತ್ತಾ ಬಿಡುವ ಗ್ಯಾಸಿಗೆ ಗಡ್ಡೆಯೊಳಗಿನ ಮೊಗ್ಗು ಸತ್ತುಹೋಗುತ್ತದೆ. ಅದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಕೀಮೋ ಕುರ್ಚಿಯಲ್ಲಿ ಅಳದವಳು ಆ ಎಲೆಗಳ ಮುಂದೆ ಕೂತು ಅತ್ತುಬಿಟ್ಟೆ. ಸರೋಜಾ ಆಂಟಿಯ ಮೇಲೂ ಸಿಟ್ಟು ಬಂತು. ಮೋಹನ್ ಪಾಪ, ಕಾಯಿಲೆಯನ್ನೇ ತಾವು ತಂದವರ ಹಾಗೆ ನಿಂತಿದ್ದರು. ಆಮೇಲೆ ಪಕ್ಕದಲ್ಲಿ ಕೂತರು.

ಬೇಸಿಗೆಯಲ್ಲಿ ಕೀಮೋ ಮುಗಿದು ಸ್ಕ್ಯಾನ್ ಕ್ಲಿಯರ್ ಬಂತು. ಸದ್ಯಕ್ಕೆ, ಎಂದು ಡಾಕ್ಟರ್ ಸೇರಿಸಿದರು. ಕೇಳಿದವರಿಗೆ ನಾನೂ ಸೇರಿಸಿಯೇ ಹೇಳುತ್ತೇನೆ.

ಮೊನ್ನೆ ಹೊಸ ಗಡ್ಡೆ ತಂದೆ. ಕತ್ತು ಮುಟ್ಟಿ ನೋಡಿಕೊಂಡು ಬಗ್ಗಿದೆ. ಡ್ರಾಯರ್ ಖಾಲಿಯಿತ್ತು. ಈಗ ನನ್ನನ್ನು ನೋಡಲು ಯಾರೂ ಸೇಬು ತರುವುದಿಲ್ಲ.