ಊಟದಿಂದ ಶುರುವಾಗುತ್ತಿದ್ದ ವರದಿ

ಅವರು ಶ್ರೀರಾಂಪುರದ ಬಸ್ ಸ್ಟ್ಯಾಂಡಿನ ಹೋಟೆಲಿನವರು. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಹೇಗಿರಬೇಕೆಂದು ನಿಯಮ ಬರೆಯುವ ಬೆಂಗಳೂರಿನ ಸಭೆಗಳಿಗೆ ನಮ್ಮ ರೈತರ ಸಂಘ ಅವರನ್ನು ವೀಕ್ಷಕರಾಗಿ ಕಳಿಸುತ್ತಿತ್ತು. ಸಂಬಳವಿಲ್ಲ, ಅಲ್ಲಿ ಬಾಯಿ ಬಿಡುವ ಹಕ್ಕೂ ಇಲ್ಲ. ನೋಡಿ ಬಂದು ನಮಗೆ ಹೇಳಬೇಕು, ಅಷ್ಟೇ.

ಬಂದವರೇ ಹೆಗಲ ಟವೆಲ್ಲಿನಿಂದ ಸಂಘದ ಮೇಜು ಒರೆಸುತ್ತಿದ್ದರು, ಅದು ಎಷ್ಟೇ ಚೊಕ್ಕಟವಾಗಿದ್ದರೂ. ಆಮೇಲೆ, "ಊಟದಿಂದ ಶುರು ಮಾಡ್ತೀನಿ ಕಣ್ರಪ್ಪ" ಎನ್ನುತ್ತಿದ್ದರು. ಸಾರಿಗೆ ಉಪ್ಪು ಕಡಿಮೆ, ಹಪ್ಪಳ ಮೆತ್ತಗೆ, ಯಾರು ಯಾರ ಪಕ್ಕ ಕೂತರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಅಣ್ಣ, ತೀರ್ಮಾನ ಏನಾತು ಅದನ್ನ ಹೇಳ್ರಿ," ಎಂದು ಒಮ್ಮೆ ರೇಗಿದೆ.

"ತೀರ್ಮಾನ ಅವರೇ ಬರೆದು ಕಳಿಸ್ತಾರೆ. ವೈರಿನ ತೂತಿಗೆ ಜಾಲರಿ ಬೇಕು, ಇಲ್ದಿದ್ರೆ ಹಲ್ಲಿ ಹೊಕ್ಕು ಮೋಟ್ರು ಸುಡ್ತೈತೆ ಅಂತ ಒಬ್ಬ ಇಂಜಿನಿಯರ್ರು ಎದ್ದು ನಿಂತ್ರು. ಅಷ್ಟರಲ್ಲಿ ಊಟ ಬಂತು. ಉಂಡ ಮೇಲೆ ಮಾತಾಡಾಣ ಅಂದ್ರು. ಹೋಳಿಗೆ ಊಟ ಕಣ್ರಪ್ಪ, ಆಮೇಲೆ ಯಾರಿಗೆ ನೆನಪಿರ್ತೈತೆ?"

ಕೆಲವು ದಿನಕ್ಕೆ ಸಭೆಯ ನಡಾವಳಿ ಬಂತು: ಯಾರಿಂದಲೂ ಆಕ್ಷೇಪಣೆ ಇಲ್ಲ. ಜಾಲರಿಯ ಮಾತೇ ಅದರಲ್ಲಿರಲಿಲ್ಲ. ನಾವು ಕೂಡಲೇ, ಹೋಳಿಗೆಯನ್ನೂ ಬಿಡದೆ, ನಡೆದದ್ದನ್ನೆಲ್ಲ ಸಭೆಯವರಿಗೆ ಬರೆದು ಕಳಿಸಿದೆವು.

ಮುಂದಿನ ಸಭೆ ಮುಗಿಸಿ ಅವರು ಬಂದಾಗ, ಮೇಜು ಒರೆಸಲೂ ಬಿಡದೆ ನಾನೇ ಕೇಳಿದೆ: "ಅಣ್ಣ, ಊಟಕ್ಕೆ ಏನಿತ್ರಿ?"

"ಎಲ್ಲಾ ಆರಿ ತಣ್ಣಗಾಗಿತ್ತು ಕಣ್ರಪ್ಪ," ಅವರು ನಕ್ಕರು. "ಜಾಲರಿ ಬೇಕು ಅಂತ ಬರೆಯೋ ತನಕ ಆ ಇಂಜಿನಿಯರ್ರು ಯಾರನ್ನೂ ಊಟಕ್ಕೆ ಏಳಾಕೆ ಬಿಡ್ಲಿಲ್ಲ."